‘ರೀ’ಗೆ ತೆರೆಯುವ ಗಂಟಲು

ಗೊರಕೆ ಹೊಡೆಯುವವರು ತಮ್ಮ ಗೊರಕೆಯನ್ನು ಎಂದೂ ಕೇಳಿರುವುದಿಲ್ಲ, ಆದ್ದರಿಂದ ಒಪ್ಪುವುದೂ ಇಲ್ಲ. ನಾನು ಈ ಕೆಲಸಕ್ಕೆ ಸೇರಿದ ಮೇಲೆ ಕಲಿತ ಮೊದಲ ಪಾಠ ಇದು. "ನಾನಾ? ಗೊರಕಿನಾ? ಛೇ, ಅದು ಫ್ಯಾನಿನ ಸಪ್ಪಳರಿ" ಎಂದವರಿದ್ದಾರೆ. ಅವರದೇ ಧ್ವನಿಮುದ್ರಣ ಹಾಕಿ ಕೇಳಿಸಿದರೆ "ಇದ್ಯಾರದೋ ಹಚ್ಚೀರಿ" ಎಂದು ಜಗಳಕ್ಕೆ ಬಂದವರೂ ಇದ್ದಾರೆ. ನನ್ನ ಗಂಡ ಮಾತ್ರ ಗೊರಕೆ ಹೊಡೆಯುವುದಿಲ್ಲ. ಅವನಲ್ಲಿರುವ ಒಳ್ಳೆಯ ಗುಣಗಳನ್ನು ಹುಡುಕುತ್ತ ಹೊರಟರೆ ನನಗೆ ಮೊದಲು ಸಿಗುವುದು ಅದೇ.

ನಮ್ಮ ನಿದ್ರಾಲಯ ಇರುವುದು ಹುಬ್ಬಳ್ಳಿಯಲ್ಲಿ, ರೈಲ್ವೆ ಕಾಲೊನಿಗೆ ಹೊಂದಿಕೊಂಡು. ಇಲ್ಲಿಗೆ ಮಲಗಲು ಬರುವವರಲ್ಲಿ ಮುಕ್ಕಾಲು ಪಾಲು ರೈಲು ಓಡಿಸುವ ಲೋಕೋ ಪೈಲಟ್‌ಗಳು. ಬಯಲುನಾಡಿನ ರೈಲುಗಳು ತಾವೇ ಓಡಾಡುವುದನ್ನು ಕಲಿತು ಎಷ್ಟೋ ಕಾಲವಾಯಿತು. ಆದರೆ ಕ್ಯಾಸಲ್‌ರಾಕ್‌ನಿಂದ ಕೆಳಗೆ ಘಟ್ಟ ಇಳಿಸಲು ಇವತ್ತಿಗೂ ಮನುಷ್ಯನ ಕೈ ಬೇಕು. ಆ ಕೈಯವರು ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ನಮ್ಮಲ್ಲಿಗೆ ಬರುತ್ತಾರೆ. ನಾವು ಕಿಟಕಿಗೆ ಕಪ್ಪು ಪರದೆ ಎಳೆದು, ತಲೆಗೆ ಎದೆಗೆ ತಂತಿ ಅಂಟಿಸಿ, ಹಾಡಹಗಲೇ ಮಲಗಿಸುತ್ತೇವೆ. ಗಾಜಿನ ಈಚೆ ಕೂತು ಅವರ ಉಸಿರಿನ ಗೆರೆ ನೋಡುವ ಟೆಕ್ನಿಷಿಯನ್ ನಾನು, ಹೆಸರು ನೀಲಾ. "ಮಂದಿ ಮಲಗಿದ್ದನ್ನ ನೋಡಾಕೂ ಪಗಾರ ಕೊಡ್ತಾರೇನ?" ಎಂದು ನಮ್ಮ ಅತ್ತೆ ಇಂದಿಗೂ ಕೇಳುತ್ತಾರೆ.

ನೋಡುವುದರಲ್ಲಿ ಏನಿದೆ ಎಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಿದ್ದೆ ಬಂದಾಗ ಕೈಕಾಲಿನಂತೆ ಗಂಟಲಿನ ಸ್ನಾಯುಗಳೂ ಸಡಿಲಾಗುತ್ತವೆ. ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಇಕ್ಕಟ್ಟಾಗುತ್ತದೆ, ಆ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಗೆ ಮೆದು ಅಂಗುಳು ಅದುರುತ್ತದೆ. ಅದೇ ಗೊರಕೆ. ಪಕ್ಕದವರಿಗೆ ಕಿರಿಕಿರಿ, ನಿಜ. ಆದರೆ ಹೆದರಬೇಕಾದದ್ದು ಗೊರಕೆಗಲ್ಲ, ಗೊರಕೆ ತಟ್ಟನೆ ನಿಲ್ಲುವುದಕ್ಕೆ. ದಾರಿ ಪೂರಾ ಮುಚ್ಚಿದಾಗ ಸದ್ದೂ ಇಲ್ಲ, ಉಸಿರೂ ಇಲ್ಲ. ಒಂದಿಷ್ಟು ಹೊತ್ತಿನ ಮೇಲೆ ಮಿದುಳು ಗಾಬರಿಬಿದ್ದು ಮಲಗಿದವನನ್ನು ಅರ್ಧ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ನಿದ್ದೆ. ಒಂದು ನಿದ್ದೆಯಲ್ಲಿ ನೂರಾರು ಸಲ ಹೀಗೆ ಎದ್ದವನು "ಮಸ್ತ್ ನಿದ್ದಿ ಆತು" ಎನ್ನುತ್ತಾನೆ, ಆಮೇಲೆ ಕೂತಲ್ಲೇ ತೂಕಡಿಸುತ್ತಾನೆ. ಕೂತದ್ದು ಕಿರಾಣಿ ಅಂಗಡಿಯಲ್ಲಾದರೆ ಅಡ್ಡಿಯಿಲ್ಲ. ಘಟ್ಟ ಇಳಿಯುವ ಇಂಜಿನ್ನಿನಲ್ಲಾದರೆ ದೇವರೇ ಗತಿ. ಆದ್ದರಿಂದಲೇ ಉಸಿರು ಪಾಸು ಎಂಬ ನಿಯಮ ಬಂದದ್ದು. ಮಲಗಿದಾಗ ಗಂಟೆಗೆ ಹದಿನೈದು ಸಲಕ್ಕಿಂತ ಹೆಚ್ಚು ಉಸಿರು ನಿಂತರೆ ಪೈಲಟ್ ಇಂಜಿನ್ನಿನಿಂದ ಇಳಿಯಬೇಕು. ಪರೀಕ್ಷೆ ಎರಡು ಕಡೆ, ನಮ್ಮಲ್ಲೊಮ್ಮೆ, ಅವರವರ ಮನೆಯಲ್ಲೊಮ್ಮೆ, ಎರಡೂ ಸರಿಯಿರಬೇಕು.

ಚನಮಲ್ಲಪ್ಪ ಹೂಗಾರ ಆ ಪಾಸಿಗಾಗಿ ಬಂದವರು. ಐವತ್ತೇಳರ ವಯಸ್ಸು, ಎತ್ತರದ ಆಳು, ಮಾತು ಕಡಿಮೆ. ಘಟ್ಟ ಇಳಿಸುವವರಲ್ಲಿ ಅವರಷ್ಟು ಹಿರಿಯರು ಇನ್ನೊಬ್ಬರಿರಲಿಲ್ಲ. ಜೊತೆಗೆ ಹೆಂಡತಿ ಕಸ್ತೂರೆವ್ವ. ಅವರದು ಮಾತೇ ಮಾತು.

"ಬಾಯಾರ, ಇವ್ರ ಗೊರಕಿ ಕೇಳಿ ನಿಮ್ಮ ಮಶಿನ್ ಒಡದ್ರ ನಾವ್ ಜವಾಬ್ದಾರಿ ಅಲ್ಲ ನೋಡ್ರಿ," ಎಂದು ಒಳಗೆ ಬರುತ್ತಲೇ ಹೇಳಿದರು. "ನಮ್ಮ ಕ್ವಾರ್ಟರ್ಸ್ ಲೈನಿನ್ಯಾಗ ಯಾರನ್ನರ ಕೇಳ್ರಿ, ‘ಇಂಜಿನ್ ಶೆಡ್ಡಿಗೆ ಬಂತೇನ ಕಸ್ತೂರೆಕ್ಕಾ’ ಅಂತ ಕೇಳ್ತಾರ. ಮೂವತ್ತ ವರ್ಷ ಆತು. ನಾ ಅಂತ ಬಾಳೆವು ಮಾಡೇನಿ."

ಚನಮಲ್ಲಪ್ಪನವರು ನಕ್ಕರು. ಹಾಸಿಗೆಯ ಮೇಲೆ ಅಡ್ಡಾದ ಕೂಡಲೇ ನಿದ್ದೆ ಹೋದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಾನೂ ನಗುತ್ತ ಪರದೆಯ ಮುಂದೆ ಕೂತೆ. ಆಮೇಲೆ ನಗು ನಿಂತಿತು. ಗಂಟೆಗೆ ನಲವತ್ತು ಸಲ ಅವರ ಉಸಿರು ನಿಂತಿತ್ತು.

"ಮೂರು ತಿಂಗಳ ಅವಕಾಶ ಇದೆ," ಎಂದರು ನಮ್ಮ ಡಾ. ಪ್ರದ್ಯುಮ್ನ. ಮೈಸೂರಿನ ಕಡೆಯವರು, ಮೆತ್ತಗಿನ ಮಾತು, ಕೆದರಿದ ಕೂದಲು. "ಅಷ್ಟರಲ್ಲಿ ಸರಿ ಹೋದರೆ ಪಾಸು. ಇಲ್ಲದಿದ್ದರೆ ಇಂಜಿನ್ ಬಿಟ್ಟು ಆಫೀಸಿನಲ್ಲಿ ಕೂರಬೇಕಾಗುತ್ತೆ."

ಚನಮಲ್ಲಪ್ಪನವರ ಮುಖ ಸಣ್ಣದಾಯಿತು. "ಆಫೀಸ್‌ನ್ಯಾಗ ಕುಂತು ಏನ್ ಮಾಡ್ಲಿರಿ ಸರ? ಘಟ್ಟದಾಗ ಎಲ್ಲಿ ಬ್ರೇಕ್ ಹಿಡೀಬೇಕು, ಎಲ್ಲಿ ಬಿಡಬೇಕು, ಅಷ್ಟ ಗೊತ್ತು ನನಗ. ಬ್ಯಾರೆ ಏನೂ ಬರಂಗಿಲ್ರಿ."

ಮುಖಕ್ಕೆ ಕಟ್ಟಿಕೊಂಡು ಗಾಳಿ ಒತ್ತಿಸಿಕೊಳ್ಳುವ ಹಳೆಯ ಯಂತ್ರವನ್ನು ಅವರು ನಿದ್ದೆಯಲ್ಲೇ ಕಿತ್ತು ಎಸೆದರು, ಎರಡು ಸಲ. ಉಳಿದದ್ದು ಡಾಕ್ಟರರ ಹೊಸ ಕೂಸು, ಕರೆಪಟ್ಟಿ. ದಿಂಬಿನಡಿ ಇಡುವ ತೆಳ್ಳನೆಯ ಪಟ್ಟಿ ಅದು. ಅದರ ಹಿಂದಿದ್ದ ಯೋಚನೆ ಸರಳ. ಮಲಗಿದವರ ಮಿದುಳಿನಲ್ಲಿಯೂ ಒಬ್ಬ ಕಾವಲುಗಾರ ಎಚ್ಚರವಿರುತ್ತಾನೆ. ಲಾರಿಯ ಹಾರ್ನಿಗೆ ಏಳದ ತಾಯಿ ಕೂಸು ಮುಲುಗಿದರೆ ಏಳುವುದು ಅವನಿಂದಲೇ. ಆ ಕಾವಲುಗಾರನನ್ನು ಹೆಸರು ಹಿಡಿದು ಮೆಲ್ಲಗೆ ಕರೆದರೆ? ಮನುಷ್ಯ ಏಳದೆ ಅವನ ಗಂಟಲು ಮಾತ್ರ ಎಚ್ಚರಗೊಂಡರೆ? ಪಟ್ಟಿ ಗೊರಕೆಯನ್ನು ಕೇಳುತ್ತ ಇರುತ್ತದೆ, ಗೊರಕೆ ತಟ್ಟನೆ ನಿಂತರೆ ಹೆಸರು ಕರೆಯುತ್ತದೆ. ಕೆಲವರಿಗೆ ಕೆಲಸ ಮಾಡಿತ್ತು, ಕೆಲವರಿಗೆ ಇಲ್ಲ. ಏಕೆಂದು ಡಾಕ್ಟರರಿಗೂ ಗೊತ್ತಿರಲಿಲ್ಲ.

ಪಟ್ಟಿ ಹೆಸರನ್ನು ತೆಗೆದುಕೊಂಡದ್ದು ರೈಲ್ವೆಯ ಗುರುತಿನ ಚೀಟಿಯಿಂದ. "ಚನಮಲ್ಲಪ್ಪ ಬಸಲಿಂಗಪ್ಪ ಹೂಗಾರ" ಎಂದು ಅದು ಕರೆಯಿತು. ಚನಮಲ್ಲಪ್ಪನವರು ಅಲುಗಲಿಲ್ಲ. ಬರಿಯ "ಚನಮಲ್ಲಪ್ಪ" ಎಂದಿತು. ಊಹೂಂ.

"ಆ ಹೆಸರಿಲೆ ನನ್ನ ಯಾರೂ ಕರದಿಲ್ರಿ," ಎಂದರು ಎದ್ದ ಮೇಲೆ. "ನಮ್ಮವ್ವ ‘ಚನ್ಯಾ’ ಅಂತಿದ್ಲು. ಡ್ಯೂಟಿಯೊಳಗ ‘ಹೂಗಾರ’ ಅಂತಾರ."

ನಾವು ಚನ್ಯಾ ಎಂದೆವು, ಹೂಗಾರ ಎಂದೆವು. ಗೆರೆ ಕೊಂಚ ನಡುಗಿತೇ ಹೊರತು ಗಂಟಲು ತೆರೆಯಲಿಲ್ಲ. "ಧ್ವನಿ ಹತ್ತಿರದವರದ್ದಾಗಿರಬೇಕೇನೋ," ಎಂದು ಡಾಕ್ಟರರು ಕಸ್ತೂರೆವ್ವನನ್ನು ಮೈಕಿನ ಮುಂದೆ ಕೂರಿಸಿದರು. "ನಿಮ್ಮ ಯಜಮಾನರ ಹೆಸರು ಒಂದು ಸಲ ಹೇಳಿ."

ಕಸ್ತೂರೆವ್ವ ಸೆರಗು ಬಾಯಿಗೆ ಹಿಡಿದರು. "ಅಯ್ಯ, ಗಂಡನ ಹೆಸರ ಹಂಗ ಹೆಂಗ ಹೇಳೂದ್ರಿ ಸರ?"

"ವೈದ್ಯಕೀಯ ಕಾರಣಕ್ಕೆ ಕಣಮ್ಮ."

"ಕಾರಣ ಯಾವುದಾರ ಇರ್ಲಿ, ಒಡಪ ಇಲ್ದ ಹೆಸರ ಬರಂಗಿಲ್ರಿ."

ಡಾಕ್ಟರರು ನನ್ನ ಮುಖ ನೋಡಿದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದಾಗಿ ಹೇಳುವುದಿಲ್ಲ, ಮದುವೆ ಮುಂಜಿಯಲ್ಲಿ ಒತ್ತಾಯ ಮಾಡಿದರೆ ಪ್ರಾಸ ಕಟ್ಟಿ ಅದರೊಳಗಿಟ್ಟು ಹೇಳುತ್ತಾರೆ, ಅದೇ ಒಡಪು ಎಂದು ವಿವರಿಸಿದೆ. "ಆಗಲಿ, ಹೇಗಾದರೂ ಹೇಳಲಿ," ಎಂದರು. ಕಸ್ತೂರೆವ್ವ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು:

"ತಾಟಿನ್ಯಾಗ ಹೋಳಿಗಿ, ವಾಟಿಯೊಳಗ ತುಪ್ಪ,
ನನ್ನ ಕೈ ಹಿಡದಾವ್ರು ರೈಲ್ವೆ ಚನಮಲ್ಲಪ್ಪ!"

ಅದನ್ನೇ ಪಟ್ಟಿಗೆ ಹಾಕಿದೆವು. ಮರುದಿನ ಚನಮಲ್ಲಪ್ಪನವರ ಉಸಿರು ನಿಂತಿತು, ಪಟ್ಟಿ ಒಡಪು ಹಿಡಿಯಿತು. ಹೋಳಿಗೆ ಮುಗಿದು, ತುಪ್ಪ ಮುಗಿದು, ಹೆಸರು ಬರುವ ಹೊತ್ತಿಗೆ ಅವರ ಮಿದುಳು ತಾನೇ ಗಾಬರಿಯಾಗಿ ಅವರನ್ನು ಎಬ್ಬಿಸಿತ್ತು. ಕಣ್ಣುಜ್ಜಿಕೊಳ್ಳುತ್ತ "ಹೋಳಿಗಿ ಮಾಡೀಯೇನ?" ಎಂದರು. ನಾನು ನಕ್ಕೆ, ಡಾಕ್ಟರರು ನಗಲಿಲ್ಲ.

ಅಷ್ಟರಲ್ಲಿ ಮನೆಯ ಮೊದಲ ಪರೀಕ್ಷೆಯ ಮುದ್ರಣ ಬಂತು. ಮನೆಯಲ್ಲಿ ಕರೆಪಟ್ಟಿ ಇರಲಿಲ್ಲ, ಬರೀ ಸದ್ದು ಹಿಡಿಯುವ ಯಂತ್ರ ಇಟ್ಟಿದ್ದೆವು. ಅಲ್ಲಿ ಉಸಿರು ಪದೇಪದೇ ಮುಚ್ಚುತ್ತಿದ್ದರೂ ಒಂದೊಂದು ತಡೆಯೂ ಕ್ಷಣ ಮಾತ್ರದ್ದು, ಲೆಕ್ಕಕ್ಕೆ ಬರುವಷ್ಟು ಉದ್ದದ್ದು ಗಂಟೆಗೆ ಎಂಟೇ.

"ಯಂತ್ರ ಕೆಟ್ಟಿರಬೇಕು," ಎಂದರು ಡಾಕ್ಟರರು. ಒಬ್ಬನೇ ಮನುಷ್ಯನ ಗಂಟಲು ನಮ್ಮಲ್ಲಿ ಒಂದು ಥರ, ಮನೆಯಲ್ಲಿ ಇನ್ನೊಂದು ಥರ ಹೇಗಿದ್ದೀತು? ಯಂತ್ರದ ಮೇಲೆ ತಪ್ಪು ಹೊರಿಸುವ ಮೊದಲು ಕಿವಿಗೊಟ್ಟು ಕೇಳಬೇಕು ಎನ್ನುವುದು ನನ್ನ ಹಟ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತೆ. ಗೊರಕೆ, ಗೊರಕೆ, ಗೊರಕೆ, ಆಮೇಲೆ ತಟ್ಟನೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಬಳೆಯ ಸಣ್ಣ ಸದ್ದು, ನಿದ್ದೆಗಣ್ಣಿನ ಹೆಣ್ಣುದನಿ: "ರೀ..."

ಕೂಡಲೇ ಗೊರಕೆ ಮತ್ತೆ ಶುರು. ಪ್ರತಿ ಸಲವೂ ಹೀಗೆಯೇ. ಇಡೀ ರಾತ್ರಿ.

ನಾನು ಕಸ್ತೂರೆವ್ವನನ್ನು ಕರೆಸಿ ಕೇಳಿದೆ. ಅವರು ಬಾಯಿ ಬಿಟ್ಟು ನೋಡಿದರು. "ನಾನಾ? ನಾ ಯಾವಾಗ ಕರದೇನ್ರಿ? ನಾ ಸತ್ತಂಗ ಮಲಗಿರ್ತೀನಿ. ಮುಂಜಾನಿ ಏಳೂದ್ರಾಗ ಮೈಯೆಲ್ಲಾ ಹೊಲದಾಗ ದುಡದಂಗ ಆಗಿರ್ತೈತಿ, ಅದ್ಯಾಕೋ ಏನೋ. ಮದಿವಿ ಆದಾಗಿಂದ ಹಂಗ."

ಮುದ್ರಣ ಕೇಳಿಸಿದೆ. ತಮ್ಮ ದನಿಯನ್ನೇ ಕೇಳುತ್ತ ಕೇಳುತ್ತ ಅವರ ಕೈ ತಾನಾಗಿ ಬಳೆಯ ಮೇಲೆ ಹೋಯಿತು. ಪಕ್ಕದಲ್ಲಿ ಚನಮಲ್ಲಪ್ಪನವರೂ ಕೇಳುತ್ತಿದ್ದರು. ಅವರು ಹೆಂಡತಿಯ ಕಡೆ ತಿರುಗಿ ನೋಡಿದರು. ಲೋಕಕ್ಕೆಲ್ಲ ಗಂಡನ ಗೊರಕೆಯ ದೂರು ಹೇಳಿಕೊಂಡು ಬಂದ ಹೆಂಗಸು ಮೂವತ್ತು ವರ್ಷ ಅದರ ಕಾವಲಿಗೆ ಕೂತಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಆ ಒಂದು "ರೀ"ಯನ್ನು ಪಟ್ಟಿಗೆ ಹಾಕಿದೆವು. ಅವತ್ತು ವಾರ್ಡಿನಲ್ಲಿ ನಾಲ್ವರು ಪೈಲಟ್‌ಗಳು ಮಲಗಿದ್ದರು. ಗಡಿಬಿಡಿಯಲ್ಲಿ ನಾನು ದನಿಯನ್ನು ಚನಮಲ್ಲಪ್ಪನವರ ಪಟ್ಟಿಗೆ ಬಿಡುವ ಬದಲು ಕೋಣೆಯ ಸ್ಪೀಕರಿಗೆ ಬಿಟ್ಟೆ. "ರೀ..." ಎಂದಿತು. ನಾಲ್ಕು ಗಂಡಸರೂ ಒಟ್ಟಿಗೆ "ಹ್ಞೂಂ" ಎಂದು ಮಗ್ಗುಲು ಬದಲಿಸಿದರು.

"ನೀಲಾ ಅವರೇ, ಇದು ಎಲ್ಲರಿಗೂ ಕೆಲಸ ಮಾಡುತ್ತೆ!" ಎಂದು ಡಾಕ್ಟರರು ಕುರ್ಚಿಯಿಂದ ಎದ್ದೇಬಿಟ್ಟರು.

"ಗೆರೆ ನೋಡ್ರಿ ಸರ," ಎಂದೆ. ಹ್ಞೂಂ ಎಂದವರು ನಾಲ್ವರು, ಗಂಟಲು ತೆರೆದದ್ದು ಒಬ್ಬರದೇ. ಮಿಕ್ಕವರದು ಬರಿಯ ರೂಢಿ.

ಹೀಗೆ ಚನಮಲ್ಲಪ್ಪನವರು ಹೆಂಡತಿಯ ದನಿಯನ್ನು ಚೀಲದಲ್ಲಿಟ್ಟುಕೊಂಡು ಘಟ್ಟಕ್ಕೆ ಹೋದರು. ಕ್ಯಾಸಲ್‌ರಾಕ್‌ನಲ್ಲಿ ಪೈಲಟ್‌ಗಳು ದಣಿವಾರಿಸಿಕೊಳ್ಳುವ ರನ್ನಿಂಗ್ ರೂಮಿನಲ್ಲಿ ಪಟ್ಟಿ ದಿಂಬಿನಡಿ ಇಟ್ಟು ಮಲಗಿದರು. ಗಂಟೆಗೆ ಒಂಬತ್ತು, ಗಂಟೆಗೆ ಏಳು ಎಂದು ಅಲ್ಲಿಂದ ಲೆಕ್ಕ ಬರುತ್ತಿತ್ತು. ಮನೆಗೂ ಒಂದು ಪಟ್ಟಿ ಕೊಟ್ಟಿದ್ದೆವು. ಗೊರಕೆಯೂ ಪೂರಾ ಕಡಿಮೆಯಾಗಿ, ಕಸ್ತೂರೆವ್ವ ಫೋನಿನಲ್ಲಿ "ಮನಿ ಬಿಕೋ ಅನ್ನಾಕ್ಹತ್ತೈತ್ರಿ ಬಾಯಾರ" ಎಂದು ಹೊಸ ದೂರು ಶುರು ಮಾಡಿದ್ದರು. ಪಾಸು ಕೈಗೆ ಬಂದ ಹಾಗೆಯೇ ಎಂದು ನಾನು ಸಕ್ಕರೆ ಹಂಚುವುದೊಂದು ಬಾಕಿ.

ಮೂರನೆಯ ತಿಂಗಳ ಮನೆಯ ಲೆಕ್ಕ ಬಂತು. ಗಂಟೆಗೆ ಇಪ್ಪತ್ತಾರು.

ನನಗೆ ತಲೆ ತಿರುಗಿತು. ಮೊದಲು ಮನೆಯಲ್ಲಿ ಚೆನ್ನಾಗಿದ್ದು ಹೊರಗೆ ಕೆಡುತ್ತಿತ್ತು, ಈಗ ಹೊರಗೆ ಚೆನ್ನಾಗಿದ್ದು ಮನೆಯಲ್ಲಿ ಕೆಟ್ಟಿದೆ! ಪಟ್ಟಿ ಸರಿಯಾಗಿಯೇ ಕರೆಯುತ್ತಿತ್ತು, ಉಸಿರು ಮಾತ್ರ ಕೂಡಲೇ ಬರುತ್ತಿರಲಿಲ್ಲ. ಮರುದಿನ ವರದಿ ಕಳಿಸಲೇಬೇಕಿತ್ತು. ಅದರಲ್ಲಿ ಇಪ್ಪತ್ತಾರು ಎಂದು ಹೋದರೆ ಚನಮಲ್ಲಪ್ಪನವರ ಘಟ್ಟದ ಓಟ ಮುಗಿದ ಹಾಗೆ. ಡಾಕ್ಟರರಿಗೆ ಹೇಳಿ, ಮಧ್ಯಾಹ್ನದ ಊಟದ ಹೊತ್ತಿನ ಮೇಲೆ ನಾನೇ ಹೂಗಾರರ ಕ್ವಾರ್ಟರ್ಸಿಗೆ ನಡೆದೆ.

ಕಟ್ಟೆಯ ಮೇಲೆ ಕೂತಿದ್ದ ಚನಮಲ್ಲಪ್ಪನವರು ನನ್ನನ್ನು ಕಂಡು ಎದ್ದು, ತುಟಿಯ ಮೇಲೆ ಬೆರಳಿಟ್ಟರು. ಕಣ್ಣು ಕೆಂಪಗಿದ್ದವು. ಒಳಗಿನಿಂದ ಭಾರಿ ಗೊರಕೆ ಕೇಳಿ ಬರುತ್ತಿತ್ತು, ಗೂಡಿನ ಮೇಲಿನ ತಾಟುಗಳು ಸಣ್ಣಗೆ ದನಿಗೂಡಿಸುತ್ತಿದ್ದವು.

"ಯಾರ ಮಲಗ್ಯಾರ್ರಿ? ಬೀಗರ ಬಂದಾರೇನು?" ಎಂದೆ.

ಅವರು ಮಾಡಿನ ಕಡೆ ನೋಡಿದರು. ಗೊರಕೆ ತಟ್ಟನೆ ನಿಂತಿತು. ಒಳಗಿನ ದಿಂಬಿನಡಿಯಿಂದ ಪಟ್ಟಿ ಕಸ್ತೂರೆವ್ವನ ದನಿಯಲ್ಲಿ ಕರೆಯಿತು: "ರೀ..."

"ಹ್ಞಾಂ, ಬಂದೆ," ಎಂದು ಹೊರಗಿದ್ದ ಚನಮಲ್ಲಪ್ಪನವರು ಒಳಗೆ ಓಡಿದರು. ನಾನು ಬಾಗಿಲಿನಿಂದ ಇಣುಕಿದೆ. ಹಾಸಿಗೆಯ ಮೇಲೆ ಕಸ್ತೂರೆವ್ವ ಅಂಗಾತ ಮಲಗಿದ್ದರು. ಅವರು ಹೆಂಡತಿಯ ಭುಜವನ್ನು ಮೆಲ್ಲಗೆ ಮುಟ್ಟಿ ಅಲುಗಿಸಿದರು. ಉಸಿರು ಬಂತು, ಗೊರಕೆ ಹೊರಟಿತು. ಅವರು ಕಳ್ಳಹೆಜ್ಜೆಯಲ್ಲಿ ಮರಳಿ ಬಂದು ಕಟ್ಟೆಯ ಮೇಲೆ ಕೂತರು.

ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಮೂವತ್ತು ವರ್ಷ ಒಂದು ಕಿವಿ ತೆರೆದಿಟ್ಟು ಮಲಗಿದ ಕಸ್ತೂರೆವ್ವನಿಗೆ ಗಂಟಲು ಸಡಿಲಾಗುವಷ್ಟು ನಿದ್ದೆಯೇ ಬಂದಿರಲಿಲ್ಲ. ಕಾವಲನ್ನು ಪಟ್ಟಿ ವಹಿಸಿಕೊಂಡ ಮೇಲೆ ಮೊದಲ ಸಲ ನಿಜವಾದ ನಿದ್ದೆ ಬಂದಿತ್ತು, ನಿದ್ದೆಯ ಜೊತೆ ಗೊರಕೆಯೂ ಬಂದಿತ್ತು. ಪಟ್ಟಿಗೆ ಕೇಳುವುದು ಸದ್ದು ಮಾತ್ರ, ಯಾರ ಗಂಟಲಿನದು ಎಂದು ತಿಳಿಯದು. ಹೆಂಡತಿಯ ಉಸಿರು ನಿಂತಾಗಲೆಲ್ಲ ಅದು ಗಂಡನನ್ನು ಕರೆಯುತ್ತಿತ್ತು. ತನ್ನದೇ ದನಿಯ "ರೀ"ಗೆ ಯಾವ ಹೆಂಡತಿ ಓಗೊಟ್ಟಾಳು?

"ಎಷ್ಟ ದಿನದಿಂದ ಹಿಂಗ ಎದ್ದು ಕೂಡ್ತೀರಿ?" ಎಂದೆ.

"ಗೊತ್ತಾದಾಗಿಂದ್ರಿ. ಡ್ಯೂಟಿ ಇಲ್ಲದಾಗ ಅಷ್ಟ. ಮೂವತ್ತ ವರ್ಷ ಆಕಿ ನನ್ನ ಕಾದಾಳ. ಈಗ ನಾ ನಾಕ್ ದಿನ ಕಾದ್ರ ಸವದು ಹೊಕ್ಕೀನೇನು?"

"ಡಾಕ್ಟರ್‌ಗೆ ಹೇಳಬೇಕಿತ್ತಲ್ರಿ! ಈ ಲೆಕ್ಕ ನಿಮ್ಮದಲ್ಲ, ಅವರದು."

ಅವರು ಕೈ ಮುಗಿದರು. "ಬಾಯಾರ, ನಂದ ಅಂತ ಬರದ್ಬಿಡ್ರಿ."

"ಏನ್ ಮಾತ್ರಿ ಇದು? ನಿಮ್ಮ ಇಂಜಿನ್ ಹೋಗ್ತದ!"

"ಹೋದ್ರ ಹೋಗ್ಲಿ. ಇಡೀ ಲೈನಿಗೆ ನನ್ನ ಗೊರಕಿ ಕತಿ ಹೇಳಿ ನಗಿಸ್ಯಾಳ ಆಕಿ. ಈಗ ಆಕಿದೂ ಹಿಂಗ ಅಂತ ತಿಳದ್ರ ಆ ಹೆಣ್ಮಕ್ಕಳು ಬಿಡ್ತಾರೇನ್ರಿ? ಆಡಿಕೊಳ್ಳೋರ ಮುಂದ ಎಡವಿ ಬಿದ್ದಂಗ ಆಕ್ಕೈತಿ. ನನಗ ಬೈಸಿಕೊಂಡು ರೂಢಿ ಐತಿ. ಆಕಿ ತಲಿ ತಗ್ಗಿಸಿದ್ರ ನನಗ ನೋಡಾಕ ಆಗಂಗಿಲ್ಲ."

ನನಗೆ ಸಿಟ್ಟು ಬಂತು. ಎಂಥ ಹುಚ್ಚು ಮನುಷ್ಯ ಎಂದುಕೊಂಡೆ. ಕಟ್ಟೆ ಇಳಿಯುವಾಗ, ನನ್ನ ಗಂಡ ನನಗಾಗಿ ಏನು ಬಿಟ್ಟುಕೊಟ್ಟಾನು ಎಂದು ಯೋಚಿಸಿದೆ. ಟಿವಿಯ ರಿಮೋಟ್ ಕೂಡ ಬಿಡಲಾರ.

ಮರುದಿನ ನಿದ್ರಾಲಯದಲ್ಲಿ ಡಾಕ್ಟರರು ವರದಿ ಮುಂದಿಟ್ಟುಕೊಂಡು ಕೂತಿದ್ದರು, ಎದುರಿಗೆ ಚನಮಲ್ಲಪ್ಪನವರು. "ಇದರಲ್ಲಿರುವ ಗೊರಕೆ ನಿಮ್ಮದೇ ತಾನೇ? ನೀಲಾ ಅವರಿಗೆ ಅನುಮಾನ ಇದೆಯಂತೆ," ಎಂದು ಡಾಕ್ಟರರು ಕೇಳಿದರು.

"ನಂದರಿ ಸರ."

"ಸುಳ್ಳು!" ಎನ್ನಲು ನಾನು ಬಾಯಿ ತೆರೆದೆ. ನನಗಿಂತ ಮೊದಲು ಬಾಗಿಲು ತೆರೆಯಿತು. ಕಸ್ತೂರೆವ್ವ ಬಂದು ಗಂಡನ ಪಕ್ಕ ನಿಂತರು.

"ಆ ಗೊರಕಿ ನಂದರಿ ಡಾಕ್ಟರ್ ಸಾಹೇಬ್ರ," ಎಂದರು. ಮುಖ ಕೆಂಪಾಗಿತ್ತು. "ನಿನ್ನೆ ಇವ್ರು ಕಟ್ಟಿಮ್ಯಾಲೆ ಬಾಯಾರ ಮುಂದ ಮಾತಾಡೋ ಹೊತ್ತಿಗೆ ನನಗ ಎಚ್ಚರಾಗಿತ್ತು. ನಾಚಿಕಿ ಆಗಿ ಕಣ್ಣ ಮುಚ್ಚಿ ಬಿದ್ದಿದ್ದೆ. ಎಲ್ಲಾ ಕೇಳೇನಿ."

"ಏ, ನೀ ಸುಮ್ನಿರು," ಎಂದರು ಚನಮಲ್ಲಪ್ಪ.

"ಯಾಕ ಸುಮ್ನಿರ್ಲಿ? ರೀ, ಇಂಜಿನ್ ಬಿಡಾಕ ತಯಾರಾದ್ರಿ ಅಲ್ಲ, ಬಿಟ್ಟು ಮನ್ಯಾಗ ಕುಂತು ನನ್ನ ತಲಿ ತಿನ್ನಾಕೇನು?" ಎಂದು ಗದರಿ, ಸೆರಗಿನಿಂದ ಕಣ್ಣೊರೆಸಿಕೊಂಡರು. "ಬರೂ ದಾರ್ಯಾಗ ಲೈನಿನ್ಯಾಗೆಲ್ಲಾ ನಾನ ಹೇಳಿ ಬಂದೇನ್ರಿ. ಈಗ ನಮ್ಮನ್ಯಾಗ ಎರಡೆರಡ ಇಂಜಿನ್ ಅದಾವ ಅಂತ. ನಕ್ರು. ನಕ್ರ ನಗಲಿ, ಅವರೇನ ನನ್ನ ಗಂಡನ ಬಂಡಿ ಓಡಿಸ್ತಾರೇನ?"

ಡಾಕ್ಟರರು ವರದಿಯನ್ನು ತಡೆಹಿಡಿದರು. ಸದ್ದನ್ನು ಕೋಣೆಯಿಂದಲ್ಲ, ಕುತ್ತಿಗೆಯಿಂದಲೇ ಹಿಡಿಯುವ ಸಣ್ಣ ಬಿಲ್ಲೆಯನ್ನು ಚನಮಲ್ಲಪ್ಪನವರಿಗೆ ಅಂಟಿಸಿ ಮತ್ತೆ ಮನೆಯ ಪರೀಕ್ಷೆ ಮಾಡಿಸಿದೆವು. ಗಂಟೆಗೆ ಏಳು. ಪಾಸು ಬಂತು. ಅವತ್ತು ನಿಜವಾಗಿಯೂ ಸಕ್ಕರೆ ಹಂಚಿದೆ.

ಆದರೆ ಚನಮಲ್ಲಪ್ಪನವರು ಪಾಸನ್ನು ಕಿಸೆಗೆ ಹಾಕಿಕೊಳ್ಳಲಿಲ್ಲ, ಮೇಜಿನ ಮೇಲೆಯೇ ಇಟ್ಟರು. "ಮೊದಲ ಆಕಿದು ನೋಡ್ರಿ. ನಾ ಘಟ್ಟದಾಗ ಇದ್ದಾಗ ಮನ್ಯಾಗ ಆಕಿ ಉಸರ ನಿಂತ್ರ ಯಾರ ಭುಜ ಅಲುಗಿಸ್ತಾರ? ಅದಕ್ಕೊಂದು ದಾರಿ ಆಗೂತನಕ ನಾ ಇಂಜಿನ್ ಹತ್ತಂಗಿಲ್ಲ."

ಹೀಗೆ ಕಸ್ತೂರೆವ್ವನನ್ನು ತಂತಿ ಅಂಟಿಸಿ ಮಲಗಿಸಿದೆವು. ಗಾಜಿನ ಈಚೆ ನನ್ನ ಪಕ್ಕದ ಕುರ್ಚಿಯಲ್ಲಿ ಚನಮಲ್ಲಪ್ಪನವರು.

"ಮನೆಯಲ್ಲಿ ಇವರನ್ನು ಏನಂತ ಕರೀತೀರಿ?" ಎಂದು ಡಾಕ್ಟರರು ಕೇಳಿದರು.

ಚನಮಲ್ಲಪ್ಪನವರು ತಲೆ ಕೆರೆದುಕೊಂಡರು. "ಕರಿಯೂದ ಬಂದಿಲ್ರಿ ಸರ. ನಾ ಕರೀಬೇಕು ಅನ್ನೂದ್ರಾಗ ಆಕಿ ಬಂದ ನಿಂತಿರ್ತಾಳ."

ಒತ್ತಾಯ ಮಾಡಿ ಮೈಕಿನಲ್ಲಿ "ಕಸ್ತೂರಿ" ಎನ್ನಿಸಿದೆವು. ಐವತ್ತೇ‍ಳರ ಆಳು ಮದುಮಗನಂತೆ ನಾಚಿದರು. ಮಲಗಿದ್ದ ಕಸ್ತೂರೆವ್ವನ ತುಟಿಯಲ್ಲಿ ಸಣ್ಣ ನಗು ಬಂತು, ಗಂಟಲು ಮಾತ್ರ ತೆರೆಯಲಿಲ್ಲ. "ಏ" ಎನ್ನಿಸಿದೆವು. ಹಾಲಿನವನ ಗಂಟೆ ಬಾರಿಸಿದೆವು. ಕುಕ್ಕರಿನ ಸೀಟಿ ಕೇಳಿಸಿದರೆ ನಿದ್ದೆಯಲ್ಲೇ ಬೆರಳು ಮಡಿಚಿ ಎಣಿಸಿದರು, ಉಸಿರು ಬರಲಿಲ್ಲ. ಡಾಕ್ಟರರು ತಲೆಯ ಮೇಲೆ ಕೈ ಹೊತ್ತು ಕೂತರು. ಚನಮಲ್ಲಪ್ಪನವರು ಗಾಜಿಗೆ ಹಣೆ ತಾಗಿಸಿ ನಿಂತಿದ್ದರು.

ನಾನು ಪರದೆ ನೋಡುವುದನ್ನು ಬಿಟ್ಟು ಮಲಗಿದ್ದ ಕಸ್ತೂರೆವ್ವನನ್ನೇ ನೋಡುತ್ತಿದ್ದೆ. ಅಲ್ಲಾ, ಈ ಹೆಂಗಸನ್ನು ಮೂವತ್ತು ವರ್ಷ ನಿದ್ದೆಯಿಂದ ಎಬ್ಬಿಸಿದ್ದು ಯಾವುದು? ಹೆಸರಲ್ಲ, ಕೂಗಲ್ಲ. ಗೊರಕೆಯೂ ಅಲ್ಲ, ಅದರ ನಡುವೆ ಅವರು ಹಾಯಾಗಿ ಮಲಗಿರುತ್ತಿದ್ದರು.

"ಸರ, ಹೂಗಾರರ ಮೊದಲ ದಿನದ ಮುದ್ರಣ ಐತಲ್ಲ, ಅದನ್ನ ಹಚ್ಚೋಣ," ಎಂದೆ.

"ಗೊರಕೆ ಕೇಳಿಸಿ ಗೊರಕೆ ವಾಸಿ ಮಾಡೋದಾ, ನೀಲಾ ಅವರೇ?"

"ಕೇಳಿಸೋದಲ್ಲ ಸರ, ನಿಲ್ಲಿಸೋದು."

ಚನಮಲ್ಲಪ್ಪನವರ ಹಳೆಯ ಗೊರಕೆಯನ್ನು ಸಣ್ಣದಾಗಿ ಹೆಂಡತಿಯ ದಿಂಬಿನಡಿಗೆ ಬಿಟ್ಟೆ. ಕಸ್ತೂರೆವ್ವನ ಹುಬ್ಬಿನ ಗಂಟು ಸಡಿಲಿತು. ಹೊದಿಕೆ ಗಲ್ಲದವರೆಗೆ ಎಳೆದುಕೊಂಡು ಆ ಸದ್ದಿನ ಕಡೆ ಮಗ್ಗುಲಾದರು. ಎರಡು ಗೊರಕೆಗಳೂ ಒಂದಿಷ್ಟು ಹೊತ್ತು ಜೊತೆಯಾಗಿ ಸಾಗಿದವು. ಆಮೇಲೆ ಕಸ್ತೂರೆವ್ವನ ಉಸಿರು ನಿಂತಿತು. ಆ ಕ್ಷಣವೇ ನಾನು ಗಂಡನ ಗೊರಕೆಯನ್ನೂ ನಿಲ್ಲಿಸಿದೆ.

ಕೋಣೆ ನಿಶ್ಶಬ್ದವಾಯಿತು. ಬಳೆ ಸದ್ದು ಮಾಡಿತು. ಕಸ್ತೂರೆವ್ವನ ಕೈ ಎದ್ದು ಪಕ್ಕದ ಖಾಲಿ ಜಾಗವನ್ನು ತಡವಿತು, ಗಂಟಲು ತೆರೆಯಿತು, ಎದೆ ತುಂಬ ಗಾಳಿ ಹೋಯಿತು.

"ರೀ..." ಎಂದರು, ನಿದ್ದೆಯಲ್ಲೇ.

ಗಾಜು ದಪ್ಪನೆಯದು, ಈಚೆಯ ಮಾತು ಆಚೆ ಕೇಳುವುದಿಲ್ಲ. ಅದು ಚನಮಲ್ಲಪ್ಪನವರಿಗೂ ಗೊತ್ತಿತ್ತು. ಆದರೂ ಗಾಜಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಹೇಳಿದರು:

"ಇಲ್ಲೇ ಅದೀನಿ. ಮಲ್ಕೊ."